ಮೀಸೆ ನೋಡದೆ ಎಳೆದ ಕೆಂಪು ಗೆರೆ

ಇವತ್ತು ಬೆಳಿಗ್ಗೆ ತೆರಕಣಾಂಬಿ ಹತ್ತಿರದ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನದಲ್ಲಿ, ಏಳನೇ ತರಗತಿ ಹುಡುಗಿಯೊಬ್ಬಳ ಸರಿಯಾದ ಉತ್ತರದ ಮೇಲೆ ತೀರ್ಪುಗಾರರು ಕೆಂಪು ಗೆರೆ ಎಳೆದರು. ಸ್ನೇಹಿತರೇ, ನಾನು ಅಲ್ಲೇ ನಿಂತಿದ್ದೆ.

ಹುಡುಗಿ ನಮ್ಮ ಪಕ್ಕದ ಮನೆಯ ಚೈತ್ರ. ಕೊಟ್ಟಿಗೆಯ ಪುಡಿಮಣ್ಣಲ್ಲಿ ಕುಳಿ ತೋಡಿ ಇರುವೆ ಹಿಡಿಯುವ ಹುಳವೊಂದನ್ನು ತಂದು, ಮರಳು ತುಂಬಿದ ಬಾಟಲಿಯಲ್ಲಿ ತಿಂಗಳುಗಟ್ಟಲೆ ಸಾಕಿದ್ದಳು. ಅದು ಗೂಡು ಕಟ್ಟಿ, ಮೊನ್ನೆ ರೆಕ್ಕೆಯೊಂದಿಗೆ ಹೊರಬಂದಿತ್ತು. ಚೀಟಿಯಲ್ಲಿ ‘ಇರುವೆಸಿಂಹ’ ಎಂದು ಬರೆದಿದ್ದಳು.

“ಇದು ಏರೋಪ್ಲೇನ್ ಚಿಟ್ಟೆ ಕಣಮ್ಮಿ,” ಎಂದರು ತೀರ್ಪುಗಾರರು.

“ಅಲ್ಲ ಸಾ. ಏರೋಪ್ಲೇನ್ ಚಿಟ್ಟೆ ಮೀಸೆ ಕಾಣಾದೇ ಇಲ್ಲ. ಇದರ ಮೀಸೆ ಉದ್ದ, ತುದೀಲಿ ದಪ್ಪ. ಕೂತಾಗ ರೆಕ್ಕೆ ಬೆನ್ನ ಮೇಲೆ ಮಡಚ್ಕತದೆ, ನೋಡಿ.”

“ಎಲ್ಲಾರ ಮೀಸೆ ನೋಡ್ತಾ ಕೂತ್ರೆ ನಾನು ಊಟಕ್ಕೆ ಓಗದು ಯಾವಾಗ?”

ಗೆರೆ ಎಳೆದು ‘ಏರೋಪ್ಲೇನ್ ಚಿಟ್ಟೆ’ ಎಂದು ತಾವೇ ಬರೆದರು. ಮುಂದಿನ ಸುತ್ತಿನ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಚೈತ್ರ ಅಳಲಿಲ್ಲ. ಬಾಟಲಿ ಎತ್ತಿಕೊಂಡು, “ಬುಡಿ ಮಾವ, ಮನೇಗೆ ಓಗನ,” ಎಂದಳು.

ನಾನು ಶಾಲೆಯಲ್ಲಿ ಓದುವಾಗ ನಮ್ಮ ಮೇಷ್ಟ್ರು ಬಾವಲಿಯನ್ನು ಹಕ್ಕಿಗಳ ಪಟ್ಟಿಯಲ್ಲಿ ಬರೆಸಿದ್ದರು. ತಪ್ಪೆಂದು ಗೊತ್ತಿದ್ದೂ ಪರೀಕ್ಷೆಯಲ್ಲಿ ಹಾಗೇ ಬರೆದೆ, ಪೂರ್ತಿ ಅಂಕ ಬಂತು. ಐವತ್ತು ವರ್ಷವಾದರೂ ಆ ನಾಚಿಕೆ ಹೋಗಿಲ್ಲ. ಜಗಳಾಡಲು ಈಗ ಶಕ್ತಿಯಿಲ್ಲ, ಕೇಳುವುದು ಒಂದೇ.

ಏರೋಪ್ಲೇನ್ ಚಿಟ್ಟೆಯ ಮರಿ ಬೆಳೆಯುವುದು ನೀರಿನಲ್ಲಿ. ತೀರ್ಪುಗಾರರೇ, ಇಷ್ಟು ಹೊತ್ತಿಗೆ ನಿಮ್ಮ ಊಟವಾಗಿರಬೇಕು. ಒಣ ಮರಳಿನ ಬಾಟಲಿಯಿಂದ ಅದು ಹೇಗೆ ಹೊರಬಂತೆಂದು ಚೈತ್ರಳಿಗೆ ಎಲ್ಲರೆದುರು ಹೇಳಿ.