ಮೊದಲೆರಡು ಪುಟ ಹರಿದ ಮೇಲೆ

ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ, ಗಾಜು ಉಜ್ಜುವ ಯಂತ್ರದ ಮುಂದೆ ಆಕೆ ಹತ್ತೊಂಬತ್ತು ವರ್ಷ ಕಳೆದಿದ್ದಳು. ಅಳತೆಗೆ ತಕ್ಕಂತೆ ಗಾಜಿನ ಅಂಚು ಸವೆಸಿ ಫ್ರೇಮಿಗೆ ಕೂರಿಸುವುದು ಕೆಲಸ. ಯಂತ್ರ ತಿರುಗುತ್ತಿರುವಷ್ಟು ಹೊತ್ತು ಅಳತೆಚೀಟಿಗಳ ಬೆನ್ನಿಗೆ ಕಥೆ ಬರೆಯುತ್ತಿದ್ದಳು. ಕೇಳುವವರು ಅತ್ತೆಯೊಬ್ಬರೇ. ಸೊಪ್ಪು ಬಿಡಿಸುತ್ತಾ ಕೇಳಿ, "ಚೆನ್ನಾಗಿದೆ ಕಣೇ" ಎನ್ನುತ್ತಿದ್ದರು. ಒಮ್ಮೆ ಬೇಕೆಂದೇ ಕೊನೆಯ ಪುಟ ಬಿಟ್ಟು ಓದಿದಳು. ಆಗಲೂ "ಚೆನ್ನಾಗಿದೆ ಕಣೇ"! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಒಂದು ದಿನ ಕನ್ನಡಕ ಬಿಗಿ ಮಾಡಿಸಲು ಬಂದ ನಿವೃತ್ತ ನರ್ಸಮ್ಮನ ಕೈಗೆ ರಸೀದಿಯ ಜೊತೆ ಅಂಥದ್ದೊಂದು ಚೀಟಿಯೂ ಸೇರಿಹೋಯಿತು. ಮರುದಿನ ಅವರು ಬಿರುಗಾಳಿಯ ಹಾಗೆ ಒಳಗೆ ನುಗ್ಗಿದರು.

"ಏನಮ್ಮಾ, ಆ ಹುಡುಗಿ ಬಸ್ ಹತ್ತಿದ್ಲೋ ಇಲ್ವೋ? ನಿನ್ನೆಯಿಂದ ತಲೆ ಕೊರೀತಿದೆ!"

ಆಕೆ ನಾಚಿ ನೀರಾದಳು.

"ಶನಿವಾರ ಗ್ರಂಥಾಲಯದ ಮಹಡಿಗೆ ಬನ್ನಿ. ಬರೆಯೋರು ನಾವೊಂದೆಂಟು ಜನ ಸೇರ್ತೀವಿ. ಹೆದರ್ಬೇಡಿ, ಯಾರೂ ಕಚ್ಚಲ್ಲ."

ಶನಿವಾರ ಮೆಟ್ಟಿಲಿನವರೆಗೆ ಬಂದವಳು ಎರಡು ಸಲ ವಾಪಸು ತಿರುಗಿದಳು. ಮೂರನೇ ಸಲ ನರ್ಸಮ್ಮ ಕೈ ಹಿಡಿದು ಎಳೆದುಕೊಂಡು ಹೋದರು. ಆಕೆ ಕಥೆ ಓದಿ ಮುಗಿಸಿದಳು. ಎದುರಿಗೆ ಕೂತಿದ್ದ ಬಸ್ ಡ್ರೈವರು ಗಂಟಲು ಸರಿಮಾಡಿಕೊಂಡ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಕಥೆ ಶುರುವಾಗೋದೇ ಮೂರನೇ ಪುಟದಲ್ಲಿ. ಮೊದಲೆರಡು ಹರಿದುಹಾಕಿ."

ಆಕೆಗೆ ಎದ್ದು ಕುಣಿಯಬೇಕೆನಿಸಿತು. ತಾನು ಬರೆದದ್ದನ್ನು ಇಷ್ಟು ಕಿವಿಗೊಟ್ಟು ಕೇಳಿದವರು ಇದ್ದಾರಲ್ಲ! ಓಡೋಡಿ ಮನೆಗೆ ಬಂದಳು.

"ಅತ್ತೇ, ನನ್ನ ಕಥೇಲಿ ತಪ್ಪಿದೆಯಂತೆ!"

"ಅದಕ್ಯಾಕೆ ಹಬ್ಬ ಬಂದ ಹಾಗೆ ಆಡ್ತಿದ್ದೀಯ?"

ಎರಡು ಪುಟ ಹೋದವು. ಉಳಿದದ್ದನ್ನು ನಾಲ್ಕು ಶನಿವಾರ ತಿದ್ದಿ, ಕೂಟದವರ ಒತ್ತಾಯಕ್ಕೆ ಒಂದು ಮಾಸಪತ್ರಿಕೆಗೆ ಕಳಿಸಿದಳು. ಐದು ತಿಂಗಳಿಗೆ ಕಥೆ ಅಚ್ಚಾಗಿ ಬಂತು. ಆದರೆ ಕೆಳಗಿದ್ದದ್ದು ಇನ್ಯಾರದೋ ಹೆಸರು! ಪತ್ರಿಕೆ ಹಿಡಿದುಕೊಂಡು ನರ್ಸಮ್ಮನ ಹತ್ತಿರ ಹೋದಳು.

"ಹೋಗ್ಲಿ ಬಿಡಿ, ನನ್ನಂಥೋಳು ಯಾರ ಹತ್ರ ಜಗಳ ಆಡೋದು?" ಎಂದಳು.

"ಬಿಡೋದಂತೆ! ಲೇಖಕರ ಸಂಘ ಇರೋದ್ಯಾಕೆ?" ಎಂದು ನರ್ಸಮ್ಮ ಅಂದೇ ಆಕೆಯನ್ನು ಸಂಘದ ಕಚೇರಿಗೆ ಕರೆದೊಯ್ದರು.

ಸಂಘದ ಕಾರ್ಯದರ್ಶಿ ಕೇಳಿದ್ದು ಒಂದೇ ಮಾತು: "ಕಥೆ ನಿಮ್ಮದೇ ಅನ್ನೋಕೆ ಏನಿದೆ?"

ನರ್ಸಮ್ಮ ಕೂಟದ ಹಾಜರಿ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟರು. ಯಾರು, ಯಾವ ದಿನ, ಏನು ಓದಿದರು ಎಂಬುದೆಲ್ಲ ಅದರಲ್ಲಿತ್ತು. ಜೊತೆಗೆ ಡ್ರೈವರನ ಪೆನ್ಸಿಲ್ ಗೀರುಗಳಿದ್ದ ಕರಡು. ಅಷ್ಟು ಸಾಕಾಯಿತು. ಸಂಘದಿಂದ ಪತ್ರ ಹೋಗಿ ವಾರ ಕಳೆಯುವುದರೊಳಗೆ ಸಂಪಾದಕರ ಫೋನೇ ಬಂತು: ಎರಡು ಲಕೋಟೆ ಅದಲುಬದಲಾಗಿತ್ತಂತೆ, ಕ್ಷಮಿಸಬೇಕಂತೆ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ತಿದ್ದುಪಡಿ, ದಪ್ಪ ಅಕ್ಷರಗಳಲ್ಲಿ ಆಕೆಯ ಹೆಸರು. ಅತ್ತೆ ಅದನ್ನು ಹಿಡಿದು ಬೀದಿಯ ಒಂದು ಮನೆಯನ್ನೂ ಬಿಡಲಿಲ್ಲ.

ಆ ಕಥೆಯ ಬಲದ ಮೇಲೆಯೇ ಸಂಘದ ಸದಸ್ಯತ್ವ ಸಿಕ್ಕಿತು. ವಾರ್ಷಿಕ ಸಭೆಯಲ್ಲಿ ಮುನ್ನೂರು ಜನ, ಎಲ್ಲರೂ ಬರೆಯುವವರೇ. ಹೊಸ ಸದಸ್ಯರ ಪಟ್ಟಿಯಲ್ಲಿ ತನ್ನ ಹೆಸರು ಕೇಳುತ್ತಲೇ ಆಕೆ ದಡಕ್ಕನೆ ಎದ್ದು ನಿಂತಳು. ಚಪ್ಪಾಳೆ ಬಿತ್ತು. ಪಟ್ಟಿ ಮುಂದುವರಿದು ಆರು ಹೆಸರು ದಾಟಿದರೂ ನಿಂತೇ ಇದ್ದಳು.

ಹಿಂದಿನಿಂದ ಯಾರೋ ಸೆರಗು ಜಗ್ಗಿದರು. "ಅಮ್ಮಾ, ಕೂತ್ಕೊಳ್ಳಿ, ನಮಗೂ ವೇದಿಕೆ ಕಾಣ್ಲಿ."