ಆಡಿಗಿಲ್ಲದ ಎಲುಬು

ನಾನು ಡಿಗ್ರಿ ಓದಿದ್ದು ಜಿಗಿಯುವುದರಲ್ಲಿ ಎಂದು ನಮ್ಮ ಓಣಿಯವರು ಇವತ್ತಿಗೂ ನಂಬಿದ್ದಾರೆ. ತಿದ್ದಿ ತಿದ್ದಿ ಸಾಕಾಗಿ ಈಗ ಬಿಟ್ಟುಬಿಟ್ಟಿದ್ದೇನೆ. ಎಂಬತ್ತರ ದಶಕದ ಆರಂಭದಲ್ಲಿ ಗದಗಿನಲ್ಲಿ ದೈಹಿಕ ಶಿಕ್ಷಣದ ಪದವಿಗೆ ಸೇರಿದಾಗ ನನಗೂ ಗೊತ್ತಿದ್ದದ್ದು ಅಷ್ಟೇ: ಬೆಳಿಗ್ಗೆ ಓಡುವುದು, ಸಂಜೆ ಕಬಡ್ಡಿ ಆಡುವುದು. ಮೊದಲ ವಾರವೇ ನಮ್ಮ ಗುರುಗಳು ಹಲಗೆಯ ಮೇಲೆ ಮನುಷ್ಯನ ಎಲುಬುಗೂಡು ಬರೆದು, ಓಡುವ ಕಾಲಿನೊಳಗೆ ಏನು ನಡೆಯುತ್ತದೆಂದು ತಿಳಿಯದವನು ಇನ್ನೊಬ್ಬನಿಗೆ ಓಡು ಎನ್ನಬಾರದು ಎಂದರು.

ನಮ್ಮದು ಬೆಟಗೇರಿಯ ನೇಕಾರರ ಮನೆ. ಅಪ್ಪ ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕಷ್ಟೇ ಏಳುತ್ತಿದ್ದ. ಮಗನೂ ಮಗ್ಗ ಹಿಡಿಯಲಿ ಎಂಬುದು ಅವನ ಆಸೆ. ಕಾಲೇಜಿಗೆ ಕಳಿಸುವಾಗ ಒಂದೇ ಮಾತು ಹೇಳಿದ್ದ: "ಒಂದು ವರ್ಷ ನೋಡ್ತೀನಿ. ಫೇಲಾದಿ ಅಂದ್ರ ಸುಮ್ನ ಬಂದು ಮಗ್ಗಕ್ಕ ಕುಂಡ್ರಬೇಕು." ಅಪ್ಪ ಹೆಚ್ಚು ಮಾತಿನವನಲ್ಲ, ಆಡಿದ ಮಾತನ್ನು ಹಿಂದೆ ತಗೊಳ್ಳುವವನೂ ಅಲ್ಲ.

ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಒಂದು ಪುಟ ಓದುವಷ್ಟರಲ್ಲಿ ತಲೆ ಗಿರ್ ಎನ್ನುತ್ತಿತ್ತು. ಕಾಲೇಜಿನಲ್ಲಿ ಒಂದೇ ಒಂದು ಎಲುಬುಗೂಡು ಇತ್ತು, ಅದೂ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು. ಹೊರಗೆ ತೆಗೆದಾಗ ಹಿರಿಯ ವಿದ್ಯಾರ್ಥಿಗಳು ಮುತ್ತಿಕೊಂಡುಬಿಡುವರು. ನಮಗೆ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ.

ನಮ್ಮ ಮನೆಯ ಎದುರಿಗೆ ಮಟನ್ ಅಂಗಡಿ ಇಟ್ಟಿದ್ದ ಚಾಚಾ ಒಂದು ದಿನ ನನ್ನ ಜೋತುಬಿದ್ದ ಮುಖ ನೋಡಿ ಏನಾಯಿತೆಂದು ಕೇಳಿದ. ಹೇಳಿದೆ. ಅವನಿಗೆ ನಗು ತಡೆಯಲಾಗಲಿಲ್ಲ. "ಎಲುಬಿನ ಸಲುವಾಗಿ ಅಳಾಕತ್ತಿಯೇನಲೇ? ನಾಳಿಂದ ಇಲ್ಲಿ ಬಾ."

ಹೋದೆ. ಚಾಚಾ ಆಡಿನ ಮುಂಗಾಲು ಎತ್ತಿಟ್ಟಿರುತ್ತಿದ್ದ. ಮಾಂಸ ತುದಿಯಲ್ಲಿ ಬಿಳಿಯ ಹುರಿಯಾಗಿ ಎಲುಬಿಗೆ ಹೇಗೆ ಅಂಟಿಕೊಂಡಿದೆ ಎಂದು ಬಿಡಿಸಿ ತೋರಿಸುವನು. ಆ ಹುರಿಯನ್ನು ಎಳೆದರೆ ಗೊರಸು ತಾನಾಗಿ ಮಡಚಿಕೊಳ್ಳುತ್ತಿತ್ತು. ಮುಂದೆ ಎಷ್ಟೋ ಪುಸ್ತಕ ಓದಿದೆ, ಅಷ್ಟು ಬಿಡಿಸಿ ಹೇಳಿದ್ದು ಒಂದೂ ಇಲ್ಲ. ಅರ್ಧ ಕಿಲೋ ಮಟನ್‌ಗಾಗಿ ಕಾದು ನಿಂತವರು ಗೊಣಗಿದರೆ, ಹುಡುಗ ಡಾಕ್ಟರಕಿ ಓದುತ್ತಿದ್ದಾನೆ, ತಡೆಯಿರಿ ಎಂದು ಅವರನ್ನೇ ಗದರಿಸುವನು. ನಾನು ಎಲುಬುಗಳನ್ನು ಮನೆಗೆ ಒಯ್ದು ಬಚ್ಚಲೊಲೆಯ ಮೇಲೆ ಕುದಿಸಿ ಬೆಳ್ಳಗೆ ಮಾಡಿಕೊಳ್ಳುತ್ತಿದ್ದೆ. ಅವ್ವ ಹಣೆ ಬಡಿದುಕೊಂಡಳು.

ವರ್ಷದ ಕೊನೆಯ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬಂದರು. ಭುಜದ ಎಲುಬುಗಳನ್ನು ಹೇಳು ಎಂದರು. ಬೆನ್ನ ಕಡೆಯ ಹಲಗೆಯಂಥ ಎಲುಬು, ತೋಳಿನ ಎಲುಬು, ಎರಡನ್ನೂ ಇಂಗ್ಲಿಷ್ ಹೆಸರಿನ ಸಮೇತ ಪಟಪಟನೆ ಹೇಳಿದೆ. ಮುಂದುಗಡೆ ಯಾವ ಎಲುಬು ಭುಜವನ್ನು ಎದೆಗೆ ಜೋಡಿಸುತ್ತದೆ ಎಂದು ಕೇಳಿದರು.

"ಯಾವುದೂ ಇಲ್ರಿ ಸರ್," ಎಂದೆ, ಎದೆ ಉಬ್ಬಿಸಿ. "ಬರೇ ಮಾಂಸ."

ಆಡಿಗೆ ಆ ಎಲುಬು ಇಲ್ಲವೇ ಇಲ್ಲ. ಅದರ ಮುಂಗಾಲು ಮೈಗೆ ಮಾಂಸದಿಂದಷ್ಟೇ ಅಂಟಿಕೊಂಡಿರುತ್ತದೆ. ಚಾಚಾನ ಚೂರಿ ಎಲ್ಲಿಯೂ ತಡೆಯದೆ ಅದನ್ನು ಬೇರ್ಪಡಿಸುವುದನ್ನು ನಾನು ನೂರು ಸಲ ನೋಡಿದ್ದೆ. ಪರೀಕ್ಷಕರು ನನ್ನ ಬೆರಳನ್ನು ನನ್ನದೇ ಕೊರಳ ಬುಡಕ್ಕೆ ಇಡಿಸಿದರು. ಅಲ್ಲಿ ಅಡ್ಡಕ್ಕೆ ಕ್ಲಾವಿಕಲ್ ಇತ್ತು, ಕಾಲರಿನ ಎಲುಬು. ಹುಟ್ಟಿದಾಗಿನಿಂದ ಹೊತ್ತುಕೊಂಡು ತಿರುಗಿದ್ದೆ, ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಯಾರ ಭುಜ ನೋಡಿ ಓದಿದೆ ಎಂದು ಕೇಳಿದಾಗ ಖರೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವ ತನಕ ನಕ್ಕರು. ಆಮೇಲೆ ನನ್ನನ್ನು ಫೇಲ್ ಮಾಡಿದರು.

ಅಪ್ಪ ಬೈಯಲಿಲ್ಲ. ಪಕ್ಕದ ಖಾಲಿ ಮಗ್ಗದ ಧೂಳು ಹೊಡೆದು, ಸೋಮವಾರದಿಂದ ಕೂಡು ಎಂದ. ಬೈದಿದ್ದರೇ ಚೆನ್ನಾಗಿತ್ತು.

ಖಬರು ಚಾಚಾನಿಗೆ ಮುಟ್ಟಿತು. ಮರುದಿನ ಅಂಗಡಿ ಜಲ್ದಿ ಮುಚ್ಚಿ, ಕೈಕಾಲು ತೊಳೆದು, ತೊಳೆದ ಅಂಗಿ ತೊಟ್ಟು ನಮ್ಮ ಮನೆಗೆ ಬಂದ. ಮಗ್ಗದ ಹತ್ತಿರ ನಿಂತು ಅಪ್ಪನಿಗೆ ಹೇಳಿದ:

"ಅಣ್ಣಾ, ಫೇಲಾದಾಂವ ಹುಡುಗ ಅಲ್ಲರಿ. ಕಲಿಸಿದಾಂವ ನಾ, ಫೇಲಾದಾಂವನೂ ನಾನ. ಅಕ್ಟೋಬರದಾಗ ಇನ್ನೊಂದು ಪರೀಕ್ಷಾ ಐತಂತ. ನನ್ನ ಸಲುವಾಗಿ ಅದಕ್ಕ ಕುಂಡ್ರಸ್ರಿ."

ಲಾಳಿಯ ಹಗ್ಗ ಎಳೆಯುತ್ತಿದ್ದ ಅಪ್ಪನ ಕೈ ತುಸು ನಿಂತಿತು. ಮತ್ತೆ ನೇಯತೊಡಗಿದ. ಸೋಮವಾರ ನನ್ನನ್ನು ಮಧ್ಯಾಹ್ನದ ತನಕ ನೇಯಿಸಿ, ಆಮೇಲೆ ಎಲ್ಲಿ ಹೋಗುತ್ತೀಯೆಂದು ಕೇಳಲಿಲ್ಲ. ಅಕ್ಟೋಬರ್ ತನಕ ಹೀಗೆಯೇ ನಡೆಯಿತು.

ಅಂದಿನಿಂದ ಚಾಚಾ ದಿನಾ ಸಂಜೆ ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಕೂಡುತ್ತಿದ್ದ. ಜೀವನವಿಡೀ ಮಟನ್ ಮಾರಿದವನು ಒಂದು ತುಂಡಾದರೂ ತಿಂದಿದ್ದನೋ ಇಲ್ಲವೋ, ಮೈಯಲ್ಲಿ ಎಲುಬೆಲ್ಲ ಎದ್ದು ಕಾಣುತ್ತಿದ್ದವು. ನಾನು ದರ್ಜಿಯ ಸೀಮೆಸುಣ್ಣದಿಂದ ಅವನ ಮೈಮೇಲೆ ಗೆರೆ ಎಳೆದು ಹೆಸರು ಒಪ್ಪಿಸುವೆ. ತಪ್ಪಿದರೆ ಅವನೇ ಹಿಡಿಯುವನು. ಅಷ್ಟರಲ್ಲಿ ಅವನಿಗೇ ಎಲ್ಲ ಬಾಯಿಪಾಠವಾಗಿತ್ತು. ಸುಣ್ಣದ ಗೆರೆಗಳೊಂದಿಗೇ ಮನೆಗೆ ಹೋಗಿ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದನಂತೆ. ನನಗಾಗಿ ಇಷ್ಟು ಮಾಡಲು ಅವನಿಗೆ ಯಾವ ಹಂಗೂ ಇರಲಿಲ್ಲ. ಅವನನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಕಣ್ಣು ತುಂಬುತ್ತದೆ.

ಪರೀಕ್ಷೆಯ ಹಿಂದಿನ ದಿನ ಚಾಚಾ ಆಡು ಕೊಳ್ಳಲು ಮುಂಡರಗಿಗೆ ಹೋಗಿದ್ದ, ಸಂಜೆಯಾದರೂ ಬಂದಿರಲಿಲ್ಲ. ನಾನು ಪುಸ್ತಕ ಹಿಡಿದು ಹೊಸ್ತಿಲಿಗೂ ಬೀದಿಗೂ ತಿರುಗುತ್ತಿದ್ದೆ. ಅಪ್ಪ ಮಗ್ಗದ ತಗ್ಗಿನಿಂದ ಎದ್ದು ಬಂದ. ಬನಿಯನ್ ತೆಗೆದು ನನ್ನ ಮುಂದೆ ಚಾಪೆಯ ಮೇಲೆ ಕೂತು, "ನೋಡ್ಕೋ," ಎಂದ.

ಬುದ್ಧಿ ಬಂದ ಮೇಲೆ ಅಪ್ಪನ ಮೈ ಮುಟ್ಟಿದ್ದೇ ನೆನಪಿಲ್ಲ. ಬಲಭುಜದಿಂದ ಶುರು ಮಾಡಿ ಎಡಕ್ಕೆ ಬಂದೆ. ಎಡಗಡೆಯ ಕಾಲರಿನ ಎಲುಬಿನ ನಡುವೆ ನೂಲಿನ ಗಂಟಿನಂತೆ ಏನೋ ಬೆರಳಿಗೆ ಹತ್ತಿತು. ಇದೇನಪ್ಪಾ ಎಂದು ಕೇಳಿದೆ.

"ಮುರದಿತ್ತು," ಎಂದ. "ನೀ ಆರು ತಿಂಗಳ ಕೂಸು. ನಿನ್ನ ಎತಗೊಂಡು ಕಟ್ಟಿ ಇಳಿಯಾಕ ಹೋಗಿ ಕಾಲು ಜಾರಿತು. ಕೈ ಊರಿದ್ರ ನೀ ಬೀಳ್ತಿದ್ದಿ. ಊರಲಿಲ್ಲ."

ನಾನು ಬೆರಳು ಅಲ್ಲಿಯೇ ಇಟ್ಟುಕೊಂಡು ಕೂತೆ. ಅಪ್ಪ ಬನಿಯನ್ ಕೈಗೆ ತೆಗೆದುಕೊಂಡ.

"ನಾಳಿ ಕೇಳಿದ್ರ, ಇಲ್ಲ ಅನಬ್ಯಾಡ," ಎಂದ.

ಮರುದಿನ ಪರೀಕ್ಷಕರು ಭುಜವನ್ನು ಎದೆಗೆ ಜೋಡಿಸುವ ಎಲುಬನ್ನೇ ಕೇಳಿದರು. ಹೆಸರು ಹೇಳುವ ಮೊದಲೇ ಎಡಗಡೆಯ ಕೊರಳ ಬುಡಕ್ಕೆ ಬೆರಳಿಟ್ಟು ತೋರಿಸಿದೆ.