ಮಾರ್ಜಿನ್ ಬಿಟ್ಟರೆ ಹಾಳೆ ಸಾಲುವುದಿಲ್ಲ

ಮೊನ್ನೆ ನನ್ನ ಮೊಮ್ಮಗಳು ಸಂಜನಾ ಹನ್ನೊಂದು ಪುಟದ ಪ್ರಾಜೆಕ್ಟನ್ನು ಇಪ್ಪತ್ತು ಪುಟ ಮಾಡಿದಳು. ಒಂದೂ ಹೊಸ ಅಕ್ಷರ ಬರೆಯದೆ!

ಕಾಲೇಜಿನಲ್ಲಿ ಇಪ್ಪತ್ತು ಪುಟ ಕೇಳಿದ್ದರಂತೆ. ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದಳು, ಎಡಗಡೆಯ ಬಿಳಿ ಜಾಗ ಅಗಲವಾಯಿತು. ಇನ್ನೇನೋ ಒತ್ತಿದಳು, ಬಲಗಡೆಯೂ ಅಗಲವಾಯಿತು. ಸಾಲಿಗೂ ಸಾಲಿಗೂ ನಡುವೆ ಎತ್ತಿನ ಗಾಡಿ ಹೋಗುವಷ್ಟು ದಾರಿ ಬಿಟ್ಟಳು. ಪಾಪ, ಅಕ್ಷರಗಳೆಲ್ಲ ಹಾಳೆಯ ನಡುವೆ ಮುದುರಿಕೊಂಡು ನಿಂತವು.

"ಇದೇನವಾ ಸಂಜೂ, ಹಾಲಿಗೆ ನೀರ ಬೆರೆಸಿದಂಗ ಆತಲ್ಲ?" ಅಂದೆ.

"ಅಜ್ಜೀ, ಇದಕ್ಕ ಪೇಜ್ ಲೇಔಟ್ ಅಂತಾರ. ನಿನಗ ತಿಳಿಯಂಗಿಲ್ಲ ಬಿಡು."

ನನಗೆ ತಿಳಿಯುವುದಿಲ್ಲವಂತೆ! ಮಕ್ಕಳೇ, ಒಂದು ಕಾಲದಲ್ಲಿ ನಿಮ್ಮ ಈ ಅಜ್ಜಿಯ ಅನ್ನಕ್ಕೆ ಅಡ್ಡ ನಿಂತಿದ್ದೇ ಮಾರ್ಜಿನ್. (ವಾರವಾರ ಈ ಅಂಕಣವನ್ನು ನೀವಿಷ್ಟು ಜನ ಓದುತ್ತೀರಿ ಎಂದು ನೆನಪಾದರೆ ಈಗಲೂ ಸೆರಗು ಸರಿ ಮಾಡಿಕೊಂಡೇ ಬರೆಯಲು ಕೂರುತ್ತೇನೆ. ಅಂಥವಳು ನಾನು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.)

ಎಪ್ಪತ್ತರ ದಶಕದ ಕೊನೆ. ನಿಮ್ಮಜ್ಜ ಖಾನಾಪುರದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದರು. ಒಂದು ಮಳೆಗಾಲದಲ್ಲಿ ಜ್ವರ ಬಂತು. ಜ್ವರ ಹೋಗಲಿಲ್ಲ, ಅವರೇ ಹೋದರು. ಸಂಜನಾಳ ಅಪ್ಪನಿಗೆ ಆಗಿನ್ನೂ ಹಾಲುಹಲ್ಲು.

ಕಚೇರಿಯವರು ಒಳ್ಳೆಯವರು. "ಟೈಪಿಂಗ್ ಪರೀಕ್ಷಾ ಪಾಸಾಗಿ ಬರ್ರಿ, ಅವರ ಜಾಗಾ ನಿಮಗs. ಬರೂ ಪರೀಕ್ಷಾತನಕ ಕಾಯ್ತೀವಿ. ಅದರಾಚೆ ನಮ್ಮ ಕೈಯಾಗಿಲ್ಲ" ಅಂದರು.

ಒಂದೇ ಪರೀಕ್ಷೆ. ಒಂದೇ ಸಲ.

ನಾನೋ ಹಳ್ಳಿಯ ಶಾಲೆಯಲ್ಲಿ ಕಲಿತವಳು. ಗಂಡಸರು ಎದುರಿಗೆ ಬಂದರೆ ಗೋಡೆಗೆ ಅಂಟಿಕೊಳ್ಳುವವಳು. ಬಸ್ಸಿನಲ್ಲಿ "ನಿಲ್ಲಸ್ರೀ" ಅನ್ನಲಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬಂದವಳು. ಬೆಳಗಾವಿಗೆ ಒಬ್ಬಳೇ ಹೋಗಿ ಟೈಪಿಂಗ್ ಕಲಿಯುವುದೇ?

ನಮ್ಮತ್ತೆ ಕೇಳಲಿಲ್ಲ. "ಮನ್ಯಾಗ ಕುಂತ ಅತ್ತರ ಮಷೀನ ತಾನs ಬಡಕೋತೈತೇನ? ಹೋಗ. ಕೂಸಿನ್ನ ನಾ ನೋಡ್ಕೋತೀನಿ."

ಹೊರಟೆ. ರೈಲಿನಲ್ಲಿ ದೇಸೂರ ಸ್ಟೇಷನ್ ಬಂದಾಗಲೆಲ್ಲ, ಇಲ್ಲೇ ಇಳಿದು ವಾಪಸ್ ಹೋಗಿಬಿಡೋಣ ಅನ್ನಿಸುತ್ತಿತ್ತು. ಆದರೆ ಇಳಿಯಬೇಕೆಂದರೆ ಬಾಗಿಲಲ್ಲಿ ನಿಂತ ಗಂಡಸರಿಗೆ "ಸರೀರಿ" ಅನ್ನಬೇಕಲ್ಲ? ಅಷ್ಟು ಧೈರ್ಯ ಎಲ್ಲಿತ್ತು? ಹೀಗಾಗಿ ದಿನಾ ಬೆಳಗಾವಿ ಮುಟ್ಟುತ್ತಿದ್ದೆ. ನಾಚಿಕೆಯಿಂದ ಕ್ಲಾಸು ತಪ್ಪಿಸಿಕೊಂಡವರುಂಟು. ನಾಚಿಕೆಯಿಂದಲೇ ಒಂದು ದಿನವೂ ತಪ್ಪಿಸದವಳು ನಾನೊಬ್ಬಳೇ ಇರಬೇಕು.

ಕ್ಲಾಸು ಇದ್ದದ್ದು ರವಿವಾರ ಪೇಟೆಯಲ್ಲಿ, ಬೆಲ್ಲದ ಸಗಟು ಅಂಗಡಿಯ ಮಾಳಿಗೆಯ ಮೇಲೆ. ಕೆಳಗೆ ಇರುವೆಗಳ ಸಾಲು, ಮೇಲೆ ನಮ್ಮ ಸಾಲು. ಕಲಿಸುವವರು ಉಪಾಧ್ಯೆ ಸರ್, ವಯಸ್ಸಾದವರು.

ಟೈಪ್ ಮಷೀನಿಗೆ ಎಡಕ್ಕೊಂದು ಬಲಕ್ಕೊಂದು ಚಿಕ್ಕ ಗೂಟದಂಥ ಕೀಲಿ ಇರುತ್ತಿತ್ತು. ಸಾಲು ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಅವೇ ಹೇಳಬೇಕು. ಮೊದಲ ಅರ್ಜಿ ಟೈಪ್ ಮಾಡುವ ದಿನ ನಾನು ಎರಡನ್ನೂ ಕಟ್ಟಕಡೆಯ ತುದಿಗೆ ಸರಿಸಿಬಿಟ್ಟೆ. ಹಾಳೆಯಲ್ಲಿ ಇರುವೆ ಓಡಾಡುವಷ್ಟೂ ಜಾಗ ಬಿಡದೆ ಹೊಡೆದೆ.

ಸರ್ ಬಂದು ಹಾಳೆ ನೋಡಿದರು. ಹಾಳೆ ಸುತ್ತಿದ್ದ ರಬ್ಬರಿನ ರೂಳನ್ನೂ ನೋಡಿದರು.

"ತಂಗೀ, ಈ ಅರ್ಜಿ ಸಾಹೇಬರಿಗೆ ಬರದೀಯೋ, ರೂಳಿಗೆ ಬರದೀಯೋ? ಕಡೀ ಅಕ್ಷರ ಎಲ್ಲಾ ರಬ್ಬರ ಮ್ಯಾಲೆ ಕುಂತಾವಲ್ಲ!"

ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ನಾನು ಮಷೀನಿಗೇ ಹೇಳಿದೆ, "ಹಾಳಿ ದಂಡ ಆಗಬಾರದಂತ್ರೀ ಸರ್…"

ತಪ್ಪು ನನ್ನದಲ್ಲ. ನಮ್ಮೂರ ಶಾಲೆಯಲ್ಲಿ ಪರೀಕ್ಷೆಗೆ ಒಂದು ಹಾಳೆ ಕೊಡುತ್ತಿದ್ದರು. ಎರಡನೆಯದು ಕೇಳಿದರೆ ಮಾಸ್ತರರು, "ಯಾಕ, ನಿಮ್ಮಪ್ಪ ಹಾಳಿ ಕಾರ್ಖಾನಿ ಇಟ್ಟಾನೇನ?" ಎನ್ನುತ್ತಿದ್ದರು. ಇಡೀ ಶಾಲೆ ನಗುತ್ತಿತ್ತು. ಆ ನಗೆಗಿಂತ ಅಂಚಿನಿಂದ ಅಂಚಿಗೆ ಬರೆಯುವುದೇ ಮೇಲು ಅಂತ ಕಲಿತಿದ್ದೆ.

ಉಪಾಧ್ಯೆ ಸರ್ ಎರಡೂ ಕೀಲಿಗಳನ್ನು ಒಳಕ್ಕೆ ಸರಿಸಿದರು. "ಬಾಜೂಕ ಜಾಗಾ ಬಿಡವಾ. ಅದೇನ ದಂಡ ಅಲ್ಲ. ಫೈಲಿಗೆ ಹೊಲಿಯಾಕ ಬೇಕು, ಸಾಹೇಬರಿಗೆ ಷರಾ ಬರಿಯಾಕ ಬೇಕು. ಪರೀಕ್ಷಾದಾಗ ಇದಕ್ಕs ಮಾರ್ಕ್ಸ್."

ಅಂದಿನ ಹಾಳೆಗಳನ್ನು ಮನೆಗೆ ಒಯ್ದೆ. ಅತ್ತೆ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಅಕ್ಷರ ಬಾರದು, ಆದರೆ ಖಾಲಿ ಜಾಗ ಕಾಣುತ್ತದಲ್ಲ?

"ಇಷ್ಟ ಜಾಗಾ ಬೀಳ ಬಿಟ್ಟಾರಲ್ಲ! ಒಂದ ಸಾಲ ಮೆಣಸಿನಕಾಯಿ ಹಚ್ಚಬಹುದಿತ್ತು."

ಪರೀಕ್ಷೆಯ ದಿನ ನಮ್ಮ ಮಷೀನುಗಳು ಕೈಗಾಡಿ ಏರಿ ನಮಗಿಂತ ಮೊದಲೇ ಹಾಲ್ ಸೇರಿದ್ದವು. ತುಂಬ ಗಂಡಸರು. ನನ್ನ ಜಾಗ ಮೂಲೆಯಲ್ಲಿ. (ದೇವರು ದೊಡ್ಡವನು.) ಒಂದು ಪತ್ರ ಕೊಟ್ಟರು. ನಾನು ಎಡಕ್ಕೆ ಮಾರ್ಜಿನ್ ಬಿಟ್ಟೆ, ಬಲಕ್ಕೆ ಬಿಟ್ಟೆ, ಮೇಲೆಯೂ ಬಿಟ್ಟೆ. 'ವಿಷಯ' ಎಂಬುದನ್ನು ಹಾಳೆಯ ನಟ್ಟನಡುವೆ ಕೂರಿಸಿದೆ. ಎಷ್ಟು ಚೆಂದ ಕಂಡಿತೆಂದರೆ, ಉಪಾಧ್ಯೆ ಸರ್ ಇದ್ದಿದ್ದರೆ ಮಾಳಿಗೆಯ ಕೆಳಗಿನ ಅಂಗಡಿಯಿಂದ ಒಂದು ತುಂಡು ಬೆಲ್ಲ ತರಿಸಿ ಕೊಡುತ್ತಿದ್ದರು.

ಅಷ್ಟರಲ್ಲಿ ಹಾಳೆ ಮುಗಿಯಿತು.

ಪತ್ರ ಮುಗಿದಿರಲಿಲ್ಲ. ಕೊನೆಯ ಪ್ಯಾರಾ ಬಾಕಿ, 'ತಮ್ಮ ವಿಶ್ವಾಸಿ' ಬಾಕಿ. ಅರ್ಧ ಪತ್ರ ಅಂದರೆ ಫೇಲ್. ಫೇಲ್ ಅಂದರೆ ನಿಮ್ಮಜ್ಜನ ಕುರ್ಚಿ ಇನ್ಯಾರಿಗೋ.

ಬಿಳಿ ಹಾಳೆಗಳ ಕಟ್ಟು ಹಾಲಿನ ಆ ತುದಿಯಲ್ಲಿ, ಸುಪರ್‌ವೈಸರ್ ಮೇಜಿನ ಮೇಲಿತ್ತು. ಬೇಕಾದವರು ಎದ್ದು ನಿಂತು ಕೇಳಬೇಕು. ಅಷ್ಟೇ. ಅಷ್ಟೇ?

ಅಂಚಿನಿಂದ ಅಂಚಿಗೆ ಹೊಡೆದಿದ್ದರೆ ಒಂದೇ ಹಾಳೆಯಲ್ಲಿ ಮುಗಿಯುತ್ತಿತ್ತಲ್ಲ ಅಂತ ಕೈ ಹಿಚುಕಿಕೊಂಡೆ. ಆಗಲೇ ಹೊಳೆದದ್ದು. ಇಷ್ಟು ವರ್ಷ ಹಾಳೆ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ನಿಜಕ್ಕೂ ನಾನು ತಪ್ಪಿಸಿಕೊಂಡಿದ್ದು ಎದ್ದು ಕೇಳುವ ಕಷ್ಟವನ್ನು.

ಎದ್ದು ನಿಂತೆ. "ಹಾಳಿ ಕೊಡ್ರೀ" ಅಂದೆ. ನನಗೇ ಕೇಳಿಸಲಿಲ್ಲ. ಅಷ್ಟೊಂದು ಮಷೀನು ಒಟ್ಟಿಗೆ ಬಡಿಯುತ್ತಿದ್ದರೆ ಯಾರಿಗೆ ಕೇಳಬೇಕು? ಇನ್ನೊಮ್ಮೆ ಅಂದೆ. ಸುಪರ್‌ವೈಸರ್ ಕಿಟಕಿಯಾಚೆ ನೋಡುತ್ತಿದ್ದರು.

ನಮ್ಮೂರಲ್ಲಿ ಹೊಲದ ಆ ಬದುವಿನಲ್ಲಿದ್ದವರನ್ನು ಬುತ್ತಿಗೆ ಕರೆಯುವ ದನಿಯೊಂದಿದೆ. ಹೊಟ್ಟೆಯಿಂದ ಬರುವ ದನಿ. ಮದುವೆಯಾದ ಮೇಲೆ ಅದನ್ನು ಮಡಚಿ ಇಟ್ಟಿದ್ದೆ. ಅದು ತಾನಾಗಿ ಎದ್ದು ಬಂತು.

"ಯಪ್ಪಾ ಸಾಹೇಬ್ರs, ಹಾಳೀ ಕೊಡ್ರೀ!"

ಇಡೀ ಹಾಲಿನ ಮಷೀನುಗಳು ಗಪ್ಪಾದವು. ಯಾರದೋ ಮಷೀನಿನ ಗಂಟೆ ಮಾತ್ರ 'ಟಿಣ್' ಅಂದು, ತಾನೂ ಹೆದರಿಕೊಂಡಂತೆ ಸುಮ್ಮನಾಯಿತು.

ಸುಪರ್‌ವೈಸರ್ ಇಡೀ ಕಟ್ಟು ಹಿಡಿದುಕೊಂಡೇ ಓಡಿಬಂದರು. "ತಗೋರಿ ತಾಯೀ, ಎಷ್ಟ ಬೇಕೋ ತಗೋರಿ! ಇಂಥಾ ದನಿ ಇಟ್ಕೊಂಡು ಇಷ್ಟೊತ್ತು ಯಾಕ ಸುಮ್ಮನ ಕುಂತಿದ್ರಿ?"

"ಒಂದ ಸಾಕ್ರೀ" ಅಂದೆ. ಮತ್ತೆ ಹಳೆಯ ದನಿಯಲ್ಲಿ.

ಪಾಸಾದೆ. ಕಚೇರಿಯಲ್ಲಿ ಅವರ ಮಷೀನಿಗೆ ಬಟ್ಟೆ ಹೊದಿಸಿ ಇಟ್ಟಿದ್ದರು. ಮೊದಲ ದಿನ ಅದನ್ನು ಸರಿಸಿ ನೋಡಿದರೆ, ಮಾರ್ಜಿನ್ ಕೀಲಿಗಳೆರಡೂ ಅವರು ಕೊನೆಯ ಸಲ ಇಟ್ಟಲ್ಲೇ ಇದ್ದವು. ಸರಿಯಾದ ಜಾಗದಲ್ಲೇ ಇದ್ದವು. ನಾನು ಮುಟ್ಟಲಿಲ್ಲ.

ಇಷ್ಟೆಲ್ಲ ಹೇಳಿ ಮುಗಿಸಿದಾಗ ಸಂಜನಾ ಮತ್ತೆ ಲ್ಯಾಪ್‌ಟಾಪಿಗೆ ಕೈ ಹಾಕಿದಳು. ನನ್ನ ಮಾತು ನಾಟಿತು ಅಂದುಕೊಂಡೆ. ಎಲ್ಲಿ?

"ಹಂಗಾರ ಅಜ್ಜೀ, ಮಾರ್ಜಿನ್ ಬಿಡೂದು ಛಲೋನs ಅಂದಂಗಾತು. ಇನ್ನೂ ಸ್ವಲ್ಪ ಅಗಲ ಮಾಡ್ಲೇನ?"

"ಮಾಡವಾ. ಆವತ್ತ ನನ್ನ ಹಾಳಿ ಮುಗದಿತ್ತು, ಬರಿಯೂದು ಉಳದಿತ್ತು. ನಿಂದು?"